ಶೋಲಾವರಂನಿಂದ ಮೊಬೈಲ್‌ವರೆಗೆ: ರೇಸು ನೋಡಿದ ಕಾಸಿನ ಲೆಕ್ಕ

ಊರಿಗೆ ಹೋದಾಗ ನೆಂಟರಿಷ್ಟರು ನನ್ನನ್ನು ಕೇಳುವುದು ಮೂರೇ ವಿಷಯ. ಚೆನ್ನೈ ಸೆಕೆ ಹೇಗಿದೆ, ಕುಡಿಯೋ ನೀರು ಸರಿಯಾಗಿ ಬರ್ತಿದೆಯಾ, ರಜನಿಕಾಂತ್ ಮನೆ ನಿಮ್ಮ ಮನೆಯಿಂದ ಎಷ್ಟು ದೂರ. ಮೋಟಾರು ರೇಸಿನ ಬಗ್ಗೆ ಇವತ್ತಿನವರೆಗೆ ಒಬ್ಬರೂ ಕೇಳಿದ್ದಿಲ್ಲ. ಆದರೆ ಈ ದೇಶದಲ್ಲಿ ಮೋಟಾರು ರೇಸಿಗೆ ತವರುಮನೆ ಅಂತ ಒಂದಿದ್ದರೆ ಅದು ಇದೇ ಊರು. ಇನ್ನೊಂದು ಸಂಗತಿಯೂ ಬಹಳ ಜನರಿಗೆ ಮರೆತುಹೋಗಿದೆ. ಟಿ.ವಿ. ಮೇಲೆ ಒಂದು ಡಬ್ಬಿ ಇಟ್ಟು, ಬೇಕಾದ ಚಾನೆಲ್‌ಗೆ ತಿಂಗಳು ತಿಂಗಳು ಕಾಸು ಕಟ್ಟಿದರೆ ಮಾತ್ರ ಚಿತ್ರ ಕಾಣುತ್ತದೆ ಎಂಬ ಪಾಠವನ್ನು ಕಾನೂನಿನ ಮೂಲಕ ಮೊದಲು ಕಲಿತ ಮಹಾನಗರವೂ ಇದೇ. ಅದು 2003ರಲ್ಲಿ. ಈ ಎರಡು ಕತೆಗಳೂ ಒಂದು ಜಾಗದಲ್ಲಿ ಬಂದು ಕೂಡುತ್ತವೆ. ಅದನ್ನು ಬರೆದಿಡೋಣ ಅನ್ನಿಸಿತು.

ಮೊದಲೇ ಹೇಳಿಬಿಡುತ್ತೇನೆ, ನಾನು ಬಿ.ಕಾಂ. ಓದಿದ ಬ್ಯಾಂಕಿನವನು. ಎಂಜಿನ್ನು, ಗೇರು, ಟಯರಿನ ಪಾಂಡಿತ್ಯ ನನಗಿಲ್ಲ. ಸ್ವಂತ ವಾಹನ ಅಂದರೆ ಒಂದು ಸ್ಕೂಟರ್. 1994ರಲ್ಲಿ ವರ್ಗವಾಗಿ ಪೆರಂಬೂರಿಗೆ ಬಂದೆ. ಎರಡು ವರ್ಷ ಇದ್ದು ವಾಪಸ್ ಹೋಗೋಣ ಅಂದುಕೊಂಡವನು ಇಲ್ಲೇ ಬೇರೂರಿದೆ. ರೇಸಿನ ರುಚಿ ಹತ್ತಿಸಿದ್ದು ಕೌಂಟರಿನ ಆಚೆ ಬದಿಯ ಜನ. ಪೆರಂಬೂರು ಅಂದರೆ ಕಬ್ಬಿಣದ ಜೊತೆ ಬದುಕುವವರ ಊರು. ರೈಲ್ವೆಯ ಲೋಕೋ ವರ್ಕ್ಸ್, ಕ್ಯಾರೇಜ್ ವರ್ಕ್ಸ್, ಪಕ್ಕದಲ್ಲೇ 1955ರ ಅಕ್ಟೋಬರ್ 2ರಂದು ನೆಹರೂ ಅವರು ಉದ್ಘಾಟಿಸಿದ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ. 1996ರಲ್ಲಿ ಮುಚ್ಚುವವರೆಗೂ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಮಿಲ್ಲು. ಸ್ವಲ್ಪ ಪೂರ್ವಕ್ಕೆ ಹೋದರೆ ತಿರುವೊತ್ತಿಯೂರಿನಲ್ಲಿ ಬುಲೆಟ್ ತಯಾರಾಗುತ್ತಿದ್ದ ಎನ್‌ಫೀಲ್ಡ್ ಕಾರ್ಖಾನೆ, ಎಂ.ಆರ್.ಎಫ್. ಟಯರ್ ಕಾರ್ಖಾನೆ. ಪೆನ್ಷನ್ ತೆಗೆದುಕೊಳ್ಳಲು ಬರುತ್ತಿದ್ದ ಲೋಕೋ ವರ್ಕ್ಸ್‌ನ ಹಳೇ ಫಿಟ್ಟರ್ ಒಬ್ಬರು, ಟೋಕನ್ ಕರೆಯುವವರೆಗೂ ಸುಮ್ಮನೆ ಕೂರಲಾರದೆ ನನಗೆ ಶೋಲಾವರಂ ಪುರಾಣ ಹೇಳುತ್ತಿದ್ದರು. "ಸಾರ್, ನೀವು ಹತ್ತು ವರ್ಷ ಲೇಟಾಗಿ ಬಂದ್ರಿ" ಅನ್ನುವುದು ಅವರ ಪಲ್ಲವಿ.

ಶೋಲಾವರಂ ಇರುವುದು ಚೆನ್ನೈನ ಉತ್ತರಕ್ಕೆ, ಕಲ್ಕತ್ತಾ ರಸ್ತೆಯಲ್ಲಿ. ಪೆರಂಬೂರಿನಿಂದ ಮಾಧವರಂ, ರೆಡ್‌ಹಿಲ್ಸ್ ದಾಟಿದರೆ ಆಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲೊಂದು ವಿಮಾನದ ಓಡುದಾರಿ ಮಾಡಿದ್ದರು. ಯುದ್ಧ ಮುಗಿದ ಮೇಲೆ ಆ ಸಿಮೆಂಟಿನ ಪಟ್ಟಿ ಖಾಲಿ ಬಿದ್ದಿತ್ತು. 1953ರಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಇಂದು ಚಂಧೋಕ್ ಒಬ್ಬರು. ಆ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ. ಆಮೇಲೆ ವರ್ಷ ವರ್ಷವೂ ಆ ಪಟ್ಟಿಯ ಮೇಲೆ ಜಾತ್ರೆಯಂತೆ ರೇಸು. ಗೊಂಡಲ್ ರಾಜಮನೆತನದವರು ಬಂದರು, ನಮ್ಮ ಬೆಂಗಳೂರಿನ ವಿಜಯ್ ಮಲ್ಯ 1980ರ ದಶಕದ ಆರಂಭದಲ್ಲಿ ನಿಜವಾದ ಒಂದು ಹಳೇ ಫಾರ್ಮುಲಾ ಒನ್ ಕಾರನ್ನೇ, ಎನ್‌ಸೈನ್ ಕಂಪನಿಯದು, ತಂದು ಓಡಿಸಿದರು. ಕೊಯಮತ್ತೂರಿನ ಕರಿವರ್ಧನ್ ತಾವೇ ಕಾರು ಕಟ್ಟಿ ತಂದರು. ಮಾರುತಿ ಎಂಜಿನ್ನು ಇಟ್ಟು ಅಗ್ಗದ ರೇಸು ಕಾರು, ಫಾರ್ಮುಲಾ ಮಾರುತಿ, ಮಾಡಿಕೊಟ್ಟ ಪುಣ್ಯಾತ್ಮ ಅವರೇ. ಮೈಸೂರಿನ ಐಡಿಯಲ್ ಜಾವಾದಲ್ಲಿ ತಯಾರಾದ ಬೈಕುಗಳೂ ಇಲ್ಲಿ ಹೊಗೆ ಬಿಟ್ಟಿವೆ. ಆ ಮಟ್ಟಿಗೆ ಶೋಲಾವರಂನಲ್ಲಿ ಕನ್ನಡನಾಡಿನ ವಾಸನೆಯೂ ಇತ್ತು ಅನ್ನಿ!

ನಮ್ಮ ಫಿಟ್ಟರ್ ಮಹಾಶಯರು ಮತ್ತು ಅವರ ಗೆಳೆಯರು ಬೆಳಗಿನ ಜಾವ ಸೈಕಲ್ ಹತ್ತಿ, ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಓಡಿಸುವವರು ರಾಜರು, ಗಿರಣಿ ಮಾಲೀಕರು. ನೋಡುವವರು ಎಣ್ಣೆ ಕೈಯಿನ ಮೇಸ್ತ್ರಿಗಳು, ವಿದ್ಯಾರ್ಥಿಗಳು, ಸುತ್ತಲಿನ ಹಳ್ಳಿಯವರು. ನನಗೆ ಈ ಚಿತ್ರ ಬಹಳ ಮುಖ್ಯ ಅನ್ನಿಸುತ್ತದೆ. ಮೋಟಾರು ರೇಸು ಶ್ರೀಮಂತರ ಆಟ ಅನ್ನುವುದು ನಿಜ, ಆದರೆ ಅದು ಶ್ರೀಮಂತರ ನೋಟ ಮಾತ್ರ ಆಗಿರಲಿಲ್ಲ. 1990ರಲ್ಲಿ ಕ್ಲಬ್ಬಿನ ಸ್ವಂತ ಟ್ರ್ಯಾಕು ಇರುಂಗಾಟ್ಟುಕೋಟ್ಟೈಯಲ್ಲಿ ಸಿದ್ಧವಾಯಿತು. ಸುಮಾರು 3.7 ಕಿ.ಮೀ. ಉದ್ದ, 12 ತಿರುವು. ನೀವು ಚೆನ್ನೈನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿದ್ದರೆ ಪೂಂದಮಲ್ಲಿ ದಾಟಿ ಶ್ರೀಪೆರುಂಬುದೂರು ಬರುವ ಮೊದಲು ಆ ಊರನ್ನು ಹಾದೇ ಹೋಗಿರುತ್ತೀರಿ, ನಿದ್ದೆಯಲ್ಲಿದ್ದರೆ ಗೊತ್ತಾಗಿರುವುದಿಲ್ಲ ಅಷ್ಟೆ. ಟ್ರ್ಯಾಕು ಪಡುವಣಕ್ಕೆ ಹೋಯಿತು, ಉತ್ತರ ಮದ್ರಾಸಿನ ಸೈಕಲ್ಲುಗಳು ಅಷ್ಟು ದೂರ ಹೋಗಲಿಲ್ಲ. ಆದರೆ ಅದೇ ಹೊತ್ತಿಗೆ ರೇಸು ಮನೆಗೇ ಬರುವ ಕಾಲವೂ ಶುರುವಾಯಿತು.

ಈಗ ಟಿ.ವಿ. ಕತೆ. ಮದ್ರಾಸಿಗೆ ದೂರದರ್ಶನ ಬಂದದ್ದು 1975ರ ಆಗಸ್ಟ್ 15ಕ್ಕೆ. ಬೆಂಗಳೂರಿಗೆ 1981ರ ನವೆಂಬರ್ 1ಕ್ಕೆ. "ಆಗ ಎಲ್ಲ ಪುಕ್ಕಟೆ ಇತ್ತು" ಅನ್ನುವವರಿಗೆ ಒಂದು ಮಾತು ನೆನಪಿಸಬೇಕು. 1980ರ ದಶಕದ ಮಧ್ಯದವರೆಗೂ ಟಿ.ವಿ. ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು, ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಶುಲ್ಕ ಕಟ್ಟಬೇಕಿತ್ತು. ನಮ್ಮ ತಂದೆಯವರು ರೇಡಿಯೋ ಲೈಸೆನ್ಸ್ ಪುಸ್ತಕವನ್ನು ರೇಷನ್ ಕಾರ್ಡಿನ ಜೊತೆ ಬೀರುವಿನಲ್ಲಿ ಇಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಲೆಕ್ಕಪತ್ರ ಓದಿದವನ ದೃಷ್ಟಿಯಲ್ಲಿ ಉಚಿತ ಅನ್ನುವ ಬಾಬ್ತೇ ಇಲ್ಲ. ಯಾರೋ ಒಬ್ಬರು ಕೊಟ್ಟಿರುತ್ತಾರೆ. ಸರಕಾರ ಕೊಡುತ್ತದೆ, ಇಲ್ಲವೇ ಜಾಹೀರಾತಿನವನು ಕೊಡುತ್ತಾನೆ, ಅವನು ಸೋಪಿನ ಬೆಲೆಯಲ್ಲಿ ನಮ್ಮಿಂದಲೇ ವಸೂಲಿ ಮಾಡುತ್ತಾನೆ. ಪ್ರಶ್ನೆ ಇರುವುದು ಯಾರು ಕೊಡುತ್ತಾರೆ, ಯಾವ ಬಾಗಿಲಲ್ಲಿ ಕೊಡುತ್ತಾರೆ ಅನ್ನುವುದರಲ್ಲಿ.

1991ರ ಕೊಲ್ಲಿ ಯುದ್ಧವನ್ನು ಸಿ.ಎನ್.ಎನ್.ನಲ್ಲಿ ನೋಡಿದ ಮೇಲೆ ಡಿಶ್ ಆಂಟೆನಾಗಳು ಮಹಡಿ ಮಹಡಿಗೆ ಎದ್ದವು. ಅದೇ ವರ್ಷ ಹಾಂಗ್‌ಕಾಂಗ್‌ನಿಂದ ಸ್ಟಾರ್ ಚಾನೆಲ್‌ಗಳು ಏಷಿಯಾಸ್ಯಾಟ್ ಉಪಗ್ರಹದ ಮೂಲಕ ಸುರಿಯತೊಡಗಿದವು. ಅದರಲ್ಲೊಂದು ಪ್ರೈಮ್ ಸ್ಪೋರ್ಟ್ಸ್. ಆ ದಿನಗಳಲ್ಲಿ ಅದಕ್ಕೆ ಬೀಗವೇ ಇರಲಿಲ್ಲ, ಡಿಶ್ ಇದ್ದವನಿಗೆಲ್ಲ ಕಾಣುತ್ತಿತ್ತು. 1996ರ ಸುಮಾರಿಗೆ ಅದು ಸ್ಟಾರ್ ಸ್ಪೋರ್ಟ್ಸ್ ಆಯಿತು, ಇ.ಎಸ್.ಪಿ.ಎನ್. ಜೊತೆ ಕೂಡಿಕೊಂಡಿತು, ಬೀಗವೂ ಬಿತ್ತು. ಆದರೂ ನಮಗೆ ಬಿಸಿ ತಟ್ಟಲಿಲ್ಲ. ಏಕೆಂದರೆ ಬೀಗದ ಕೈ ಇದ್ದದ್ದು ಬೀದಿಯ ಕೇಬಲ್‌ನವನ ಹತ್ತಿರ. ಅವನಿಗೆ ತಿಂಗಳಿಗೆ ಒಂದೇ ಮೊತ್ತ ಕೊಟ್ಟರೆ ಸೀರಿಯಲ್ಲು, ಸಿನಿಮಾ, ಭಜನೆ, ಕ್ರಿಕೆಟ್ಟು, ರೇಸು ಎಲ್ಲ ಒಂದೇ ಎಳನೀರಿನ ಹಾಗೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಉದಯ ಟಿ.ವಿ. ಕೂಡ ಆ ತಂತಿಯಲ್ಲೇ ಬಂದದ್ದು. ಮನೆಯಾಕೆಗೆ ಕನ್ನಡ ಸಿನಿಮಾ, ನನಗೆ ಭಾನುವಾರ ಸಂಜೆ ಹಕ್ಕಿನೆನ್ ಮತ್ತು ಷೂಮಾಕರ್ ಜಗಳ. ಸ್ಟೀವ್ ಸ್ಲೇಟರ್ ಅವರ ವೀಕ್ಷಕ ವಿವರಣೆ ಕೇಳಿ ಕೇಳಿ ನನ್ನ ಇಂಗ್ಲಿಷ್ ಉಚ್ಚಾರಣೆಯೇ ಸ್ವಲ್ಪ ಸುಧಾರಿಸಿತು ಅಂತ ಸಹೋದ್ಯೋಗಿಗಳು ತಮಾಷೆ ಮಾಡುತ್ತಿದ್ದರು.

ಈ ವ್ಯವಸ್ಥೆಯಲ್ಲಿ ದೊಡ್ಡ ತೂತು ಒಂದಿತ್ತು. ನಾಲ್ಕು ನೂರು ಮನೆಗೆ ತಂತಿ ಎಳೆದ ಕೇಬಲ್‌ನವನು ಚಾನೆಲ್ ಕಂಪನಿಗೆ ನೂರು ಮನೆಯ ಲೆಕ್ಕ ಕೊಡುತ್ತಿದ್ದ. ಕಂಪನಿ ಅದಕ್ಕೆ ತಕ್ಕಂತೆ ದರ ಏರಿಸುತ್ತಿತ್ತು. ಅವನು ಅದನ್ನು ತೋರಿಸಿ ನಮ್ಮ ಬಿಲ್ಲು ಏರಿಸುತ್ತಿದ್ದ. ಯಾರ ಖಾತೆಯೂ ಯಾರ ಖಾತೆಗೂ ತಾಳೆಯಾಗದ ವ್ಯಾಪಾರ. ಇದನ್ನು ಸರಿಪಡಿಸಲು 2002ರ ಕೊನೆಯಲ್ಲಿ ಕೇಬಲ್ ಕಾಯಿದೆಗೆ ತಿದ್ದುಪಡಿ ತಂದರು. ಅದರ ಹೆಸರು ಕಂಡೀಷನಲ್ ಆಕ್ಸೆಸ್ ಸಿಸ್ಟಂ, ಬಾಯಿಮಾತಿನಲ್ಲಿ ಕ್ಯಾಸ್. ಯೋಜನೆ ಸರಳವಾಗಿತ್ತು. ಕನಿಷ್ಠ 30 ಉಚಿತ ಚಾನೆಲ್‌ಗಳಿಗೆ ತಿಂಗಳಿಗೆ 72 ರೂಪಾಯಿ ಮತ್ತು ತೆರಿಗೆ. ಮಿಕ್ಕ ಪೇ ಚಾನೆಲ್ ಬೇಕಿದ್ದರೆ ಸೆಟ್‌ಟಾಪ್ ಬಾಕ್ಸ್ ತಂದು, ಬೇಕಾದ್ದನ್ನು ಆರಿಸಿ, ಅದಕ್ಕೆ ಮಾತ್ರ ದುಡ್ಡು ಕೊಡಿ. ನೋಡಿದ್ದಕ್ಕೆ ಮಾತ್ರ ಕಾಸು. ಕೇಳಲು ಎಷ್ಟು ಚೆನ್ನಾಗಿದೆ! ದೆಹಲಿ, ಮುಂಬೈ, ಕೋಲ್ಕತಾ, ಚೆನ್ನೈ ನಾಲ್ಕೂ ಕಡೆ ಒಟ್ಟಿಗೆ ಜಾರಿ ಆಗಬೇಕಿತ್ತು. ಮಿಕ್ಕ ಮೂರೂ ನಗರಗಳಲ್ಲಿ ಗಲಾಟೆ, ರಾಜಕೀಯ, ಕೋರ್ಟು ಅಂತ ಮುಂದಕ್ಕೆ ಹೋಯಿತು. 2003ರ ಸೆಪ್ಟೆಂಬರ್ 1ರಂದು ಕ್ಯಾಸ್ ಬಂದು ಕೂತದ್ದು ಚೆನ್ನೈ ಒಂದರಲ್ಲೇ.

ಆ ತಾರೀಖನ್ನು ರೇಸಿನ ಪಂಚಾಂಗದ ಪಕ್ಕ ಇಟ್ಟು ನೋಡಿ. 2003ರ ಫಾರ್ಮುಲಾ ಒನ್ ಋತು ಬಹಳ ವರ್ಷಗಳಲ್ಲೇ ಬಿಗಿಯಾದದ್ದು. ಆಗಸ್ಟ್ 24ರಂದು ಹಂಗೇರಿಯಲ್ಲಿ 22 ವರ್ಷದ ಅಲೊನ್ಸೊ ಮೊದಲ ಸಲ ಗೆದ್ದ. ಷೂಮಾಕರ್, ಮೊಂಟೋಯಾ, ರೈಕೊನೆನ್ ಮೂವರೂ ಎರಡೇ ಅಂಕಗಳ ಅಂತರದೊಳಗೆ ಜಗಳಕ್ಕೆ ನಿಂತಿದ್ದರು. ಉಳಿದದ್ದು ಮೂರೇ ರೇಸು, ಮೊದಲನೆಯದು ಸೆಪ್ಟೆಂಬರ್ 14ಕ್ಕೆ ಮೊಂಜಾದಲ್ಲಿ. ಹಂಗೇರಿಗೂ ಮೊಂಜಾಗೂ ನಡುವೆ, ಸರಿಯಾಗಿ ಕತೆ ಕುತೂಹಲದ ಘಟ್ಟಕ್ಕೆ ಬಂದಾಗ, ಚೆನ್ನೈ ಮನೆಗಳಲ್ಲಿ ಸ್ಟಾರ್ ಸ್ಪೋರ್ಟ್ಸ್ ಇದ್ದ ಜಾಗದಲ್ಲಿ ಬರೀ ಸೊಳ್ಳೆ ಹಾರಾಟ!

ಬಾಕ್ಸಿಗೆ ಕೆಲವು ಸಾವಿರ ರೂಪಾಯಿ. ಆ ಕಾಲದ ಸಂಬಳದಲ್ಲಿ ಅದು ಸಣ್ಣ ಮೊತ್ತವಲ್ಲ. ಜನ ಕೊಂಡರೇ? ಬಹುಪಾಲು ಕೊಳ್ಳಲಿಲ್ಲ. ಕಾರಣ ಸ್ಪಷ್ಟ. ಜನಪ್ರಿಯ ತಮಿಳು ಚಾನೆಲ್‌ಗಳು ಆಗ ಉಚಿತದ ಪಟ್ಟಿಯಲ್ಲೇ ಇದ್ದವು. ಮೆಗಾ ಸೀರಿಯಲ್ಲು, ಹಾಡು, ಸುದ್ದಿ ಎಲ್ಲ 72 ರೂಪಾಯಿಗೇ ಬರುವಾಗ ಡಬ್ಬಿ ಯಾಕೆ? ಹಿಂದಿ ನೋಡುವ ಸೌಕಾರ್‌ಪೇಟೆಯ ಮನೆಗಳಿಗೆ ಬೇಕಿತ್ತು, ಕ್ರಿಕೆಟ್ ಹುಚ್ಚಿನವರಿಗೆ ಬೇಕಿತ್ತು, ನಮ್ಮಂಥ ಬೆರಳೆಣಿಕೆಯ ರೇಸಿನವರಿಗೆ ಬೇಕಿತ್ತು. ಬಹುಸಂಖ್ಯಾತರ ಬಿಲ್ಲು ಇಳಿಯಿತು, ಅವರು ಖುಷಿಯಾದರು. ಅದರಲ್ಲಿ ತಪ್ಪೇನೂ ಇಲ್ಲ. ಪೆರಂಬೂರಿನ ಎಷ್ಟೋ ಮನೆಗಳಿಗೆ ತಿಂಗಳಿಗೆ ನೂರು ರೂಪಾಯಿ ಉಳಿಯುವುದು ದೊಡ್ಡದೇ. ಆದರೆ ಈ "ಆಯ್ಕೆ" ಅನ್ನುವುದರಲ್ಲಿ ಯಾವುದು ಬಹುಮತದ ರುಚಿಯೋ ಅದು ಅಗ್ಗ, ಯಾವುದು ಕೆಲವರ ರುಚಿಯೋ ಅದು ತುಟ್ಟಿ. ಪರಊರಿನಲ್ಲಿ ಸಣ್ಣ ಭಾಷೆಯವರಾಗಿ ಬದುಕುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಆ ತಿಂಗಳು ನಮ್ಮ ಬೀದಿಯ ಕನ್ನಡದ ಮನೆಗಳವರು ಮೂರು ನಾಲ್ಕು ಜನ ಕೂಡಿ ಕೇಬಲ್‌ನವನ ಹತ್ತಿರ ಹೋಗಿ, ಕನ್ನಡ ಚಾನೆಲ್ ಯಾವ ಪಟ್ಟಿಯಲ್ಲಿರುತ್ತದೆ ಅಂತ ಕೇಳಿದೆವು. ಅವನು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, "ಎಷ್ಟು ಮನೆ ಸಾರ್ ನೀವು?" ಅಂದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ, ಅವನಿಗೆ ಅದೊಂದು ಲೆಕ್ಕ ಅಷ್ಟೆ. ಆದರೆ ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅಕ್ಟೋಬರ್ 12, ಭಾನುವಾರ, ಜಪಾನಿನ ಸುಜುಕಾದಲ್ಲಿ ಕೊನೆಯ ರೇಸು. ಪೇಪರ್ ಮಿಲ್ಸ್ ರಸ್ತೆಯ ಪಕ್ಕದ ಗಲ್ಲಿಯಲ್ಲಿ ಬೈಕ್ ರಿಪೇರಿ ಶೆಡ್ಡಿನವರೊಬ್ಬರು ಹೇಗೋ ಡಬ್ಬಿ ತಂದಿದ್ದರು. ಶೆಡ್ಡಿನ ಟಿ.ವಿ. ಮುಂದೆ ಮೂವತ್ತು ಜನ ಇದ್ದರೇನೋ. ಕೋಚ್ ಫ್ಯಾಕ್ಟರಿಯ ವೆಲ್ಡರುಗಳು, ಪಾಲಿಟೆಕ್ನಿಕ್ ಹುಡುಗರು, ಕೈಯಲ್ಲಿ ಸ್ಪ್ಯಾನರ್ ಹಿಡಿದ ಚಿಕ್ಕ ಪೋರರು, ಒಬ್ಬ ಕನ್ನಡದ ಬ್ಯಾಂಕಿನವ. ಷೂಮಾಕರ್ ಎಂಟನೆಯವನಾಗಿ ಬಂದು ಒಂದೇ ಒಂದು ಅಂಕ ಗಿಟ್ಟಿಸಿ, 93ಕ್ಕೆ 91ರಂತೆ ರೈಕೊನೆನ್‌ನನ್ನು ಹಿಂದಿಕ್ಕಿ, ಆರನೆಯ ಸಲ ಚಾಂಪಿಯನ್ ಆಗಿ ಫಾಂಜಿಯೊ ದಾಖಲೆ ಮುರಿದ. ಇನ್ನೊಂದು ಡಬ್ಬಿ ಕೊಳ್ಳುವಷ್ಟು ಕಾಸು ಅಲ್ಲಿದ್ದ ಹೆಚ್ಚಿನವರ ಹತ್ತಿರ ಇರಲಿಲ್ಲ. ಆದರೆ ಒಂದು ಡಬ್ಬಿ ಮೂವತ್ತು ಜನಕ್ಕೆ ಸಾಕಾಯಿತು. ಮನಸ್ಸಿನಲ್ಲಿ ಇದನ್ನು ಗುರುತು ಹಾಕಿಕೊಳ್ಳಿ, ಇವತ್ತಿನ ಮೊಬೈಲಿನಲ್ಲಿ ಇದು ಆಗುವುದಿಲ್ಲ.

2005ರಲ್ಲಿ ಇನ್ನೂ ದೊಡ್ಡ ತಮಾಷೆ ನಡೆಯಿತು. ಕೊಯಮತ್ತೂರಿನ ನರೇನ್ ಕಾರ್ತಿಕೇಯನ್, ಕರಿವರ್ಧನ್ ಅವರ ಫಾರ್ಮುಲಾ ಮಾರುತಿಯಲ್ಲಿ ನಮ್ಮ ಶ್ರೀಪೆರುಂಬುದೂರು ಬಳಿಯ ಟ್ರ್ಯಾಕಿನಲ್ಲೇ ಮೊದಲ ರೇಸು ಓಡಿದ ಹುಡುಗ, ಜೋರ್ಡಾನ್ ತಂಡದಲ್ಲಿ ಫಾರ್ಮುಲಾ ಒನ್‌ಗೆ ಬಂದ. ಭಾರತದ ಮೊದಲಿಗ. ಮಾರ್ಚ್ 6ರ ಬೆಳಿಗ್ಗೆ ಮೆಲ್ಬರ್ನ್ ರೇಸು. ಬೆಂಗಳೂರಿನಿಂದ ತಮ್ಮ ಫೋನ್ ಮಾಡಿ, "ಅಣ್ಣಾ, ನಿಮ್ಮ ತಮಿಳುನಾಡಿನ ಹುಡುಗ ಬರ್ತಿದಾನೆ, ನೋಡ್ತಿದೀಯಾ?" ಅಂದ. ಅವನಿಗೆ ರೇಸಿನ ಗಂಧವೇ ಇಲ್ಲ. ಮಾಮೂಲಿ ಕೇಬಲ್ ಬಿಲ್ಲಿನಲ್ಲೇ ಚಾನೆಲ್ ಬರುತ್ತಿತ್ತು, ತಿಂಡಿ ತಿನ್ನುತ್ತಾ ಕಣ್ಣಿಗೆ ಬಿತ್ತು, ನೋಡಿದ. ಆ ಹುಡುಗನ ಸ್ವಂತ ರಾಜ್ಯದ ರಾಜಧಾನಿಯಲ್ಲಿ, ರೇಸಿನ ತವರೂರಿನಲ್ಲಿ, ಡಬ್ಬಿ ಇಲ್ಲದ ಮನೆಗಳಿಗೆ ಅದು ಕಾಣಲೇ ಇಲ್ಲ. ಜೂನ್ 19ರ ಇಂಡಿಯಾನಾಪೊಲಿಸ್ ರೇಸಿನಲ್ಲಿ ಮಿಶೆಲಿನ್ ಟಯರಿನ 14 ಕಾರುಗಳು ಹಿಂದೆ ಸರಿದು, ಆರೇ ಕಾರು ಓಡಿ, ನರೇನ್ ನಾಲ್ಕನೆಯವನಾಗಿ 5 ಅಂಕ ಪಡೆದ. ಭಾರತೀಯನೊಬ್ಬ ಗಳಿಸಿದ ಮೊದಲ ಅಂಕಗಳು. ಅದೂ ಇಲ್ಲಿ ಹೆಚ್ಚಿನವರಿಗೆ ಮರುದಿನದ ಪತ್ರಿಕೆಯ ಸುದ್ದಿಯಾಗಿಯೇ ತಲುಪಿತು.

ಇಷ್ಟಕ್ಕೂ ರೇಸೇ ಯಾಕೆ ಮೊದಲು ಬೀಗದ ಒಳಗೆ ಹೋಗುತ್ತದೆ? ಇದಕ್ಕೆ ಲೆಕ್ಕದ ಉತ್ತರವಿದೆ. ಟಿ.ವಿ.ಗೆ ಆದಾಯ ಎರಡೇ ಕಡೆಯಿಂದ, ಜಾಹೀರಾತು ಮತ್ತು ಚಂದಾ. ಕ್ರಿಕೆಟ್ಟಿನಲ್ಲಿ ಆರು ಚೆಂಡಿಗೊಮ್ಮೆ ದೇವರೇ ಕೊಟ್ಟ ಬಿಡುವು. ವಿಕೆಟ್ ಬಿದ್ದರೆ ಬಿಡುವು, ನೀರು ಕುಡಿದರೆ ಬಿಡುವು. ಒಂದೊಂದು ಬಿಡುವಿನಲ್ಲೂ ಒಂದು ಪೇಸ್ಟು, ಒಂದು ಬೈಕು, ಒಂದು ಸಿಮೆಂಟು ಮಾರಬಹುದು. ರೇಸು ಹಾಗಲ್ಲ, ಒಂದೂವರೆ ಗಂಟೆ ಉಸಿರು ಬಿಡದೆ ಓಡುತ್ತದೆ. ಜಾಹೀರಾತು ತೂರಿಸಿದರೆ ಅದೇ ಹೊತ್ತಿಗೆ ಯಾರೋ ಯಾರನ್ನೋ ಹಿಂದೆ ಹಾಕಿರುತ್ತಾರೆ, ನೋಡುವವನು ಶಾಪ ಹಾಕುತ್ತಾನೆ. ನೋಡುವವರ ಸಂಖ್ಯೆ ಕಡಿಮೆ, ಅವರ ಹುಚ್ಚು ಜಾಸ್ತಿ. ಇಂಥ ಸರಕಿಗೆ ಜಾಹೀರಾತಿಗಿಂತ ಚಂದಾವೇ ಲಾಭ. ಫಾರ್ಮುಲಾ ಒನ್ ಕಂಪನಿಯ ಇತ್ತೀಚಿನ ವರ್ಷಗಳ ಆದಾಯದಲ್ಲಿ ಸುಮಾರು ಮೂರನೇ ಒಂದು ಭಾಗ ಪ್ರಸಾರದ ಹಕ್ಕಿನಿಂದಲೇ ಬರುತ್ತಿದೆ.

ಇದನ್ನು ಮೊದಲು ಮೂಸಿ ನೋಡಿದ ಚಾಣಾಕ್ಷ ಬರ್ನಿ ಎಕ್ಲೆಸ್ಟೋನ್. 1996ರಲ್ಲೇ ಜರ್ಮನಿಯಲ್ಲಿ ಹಣ ಕೊಟ್ಟು ನೋಡುವ ಡಿಜಿಟಲ್ ಪ್ರಸಾರ ಶುರು ಮಾಡಿದ. ಕಾರಿನೊಳಗಿನ ಕ್ಯಾಮೆರಾ, ಪಿಟ್ಟಿನ ಕ್ಯಾಮೆರಾ, ನೋಡುವವನೇ ಆರಿಸಿಕೊಳ್ಳಬಹುದು. ಸರಕು ಅದ್ಭುತ, ಆದರೆ ಗಿರಾಕಿ ಇಲ್ಲ. ಏಕೆಂದರೆ ಪಕ್ಕದ ಉಚಿತ ಚಾನೆಲ್‌ನಲ್ಲಿ ಅದೇ ರೇಸು ಬರುತ್ತಿತ್ತು. 2002ರ ಋತು ಮುಗಿಯುತ್ತಲೇ ಅಂಗಡಿ ಮುಚ್ಚಿದ. ಅವನು ಮುಚ್ಚಿದ ಮರುವರ್ಷವೇ ಚೆನ್ನೈನಲ್ಲಿ ಡಬ್ಬಿ ಬಂದದ್ದು! ಜರ್ಮನಿಯ ಪಾಠ ಮತ್ತು ಚೆನ್ನೈ ಪಾಠ ಎರಡೂ ಒಂದೇ: ಪಕ್ಕದಲ್ಲಿ ಉಚಿತ ಇರುವವರೆಗೆ ಚಂದಾ ನಡೆಯುವುದಿಲ್ಲ. ಹಾಗಾದರೆ ವ್ಯಾಪಾರಿ ಏನು ಮಾಡುತ್ತಾನೆ? ಉಚಿತದ ಬಾಗಿಲನ್ನೇ ಮುಚ್ಚುತ್ತಾನೆ. ಬ್ರಿಟನ್ನಿನಲ್ಲಿ 2012ರಲ್ಲಿ ಬಿ.ಬಿ.ಸಿ. ಅರ್ಧ, ಸ್ಕೈ ಪೂರ್ತಿ ಅಂತ ಪಾಲಾಯಿತು, 2019ರಿಂದ ಬಹುತೇಕ ಎಲ್ಲವೂ ಸ್ಕೈ ಪಾಲು. ಇಟಲಿಯಲ್ಲಿ, ಜರ್ಮನಿಯಲ್ಲಿ ಕೂಡ ಹಾಗೆಯೇ ಒಂದೊಂದಾಗಿ ಬಾಗಿಲು ಮುಚ್ಚಿತು.

ಇಲ್ಲಿ ಆ ಹೆಸರು ಬೇಕಾಗುತ್ತದೆ ಅಂದಿದ್ದೆನಲ್ಲ. ಶೋಲಾವರಂ ಕಟ್ಟಿದ ಇಂದು ಚಂಧೋಕ್ ಅವರ ಮೊಮ್ಮಗ ಕರುಣ್ ಚಂಧೋಕ್ 2010ರಲ್ಲಿ ಫಾರ್ಮುಲಾ ಒನ್‌ಗೆ ಹೋದ ಎರಡನೇ ಭಾರತೀಯ. ಚೆನ್ನೈ ಹುಡುಗ. ಓಡಿಸುವುದು ಮುಗಿದ ಮೇಲೆ ವಿಶ್ಲೇಷಕನಾಗಿ ಹೆಸರು ಮಾಡಿ, ಬ್ರಿಟನ್ನಿನ ಚಾನೆಲ್ 4ರಲ್ಲಿ ಮಾತಾಡಿ, 2019ರಲ್ಲಿ ಸ್ಕೈಗೆ ಸೇರಿದರು. ಉತ್ತರ ಮದ್ರಾಸಿನ ಸೈಕಲ್ ಸವಾರರ ಮುಂದೆ ಶುರುವಾದ ಕುಟುಂಬದ ವಿದ್ಯೆ, ಲಂಡನ್ನಿನ ಚಂದಾದಾರರಿಗೆ ಪಾಠ ಹೇಳುವ ಮಟ್ಟಕ್ಕೆ ಬೆಳೆಯಿತು. ಹೆಮ್ಮೆಯೂ ಆಗುತ್ತದೆ, ನಗುವೂ ಬರುತ್ತದೆ.

ನಮ್ಮಲ್ಲಿ ಮುಂದಿನ ಹಂತಗಳು ಬೇಗ ಬೇಗ ಬಂದವು. 2006ರ ಕೊನೆಗೆ ಕ್ಯಾಸ್ ಉಳಿದ ಮೂರು ನಗರಗಳ ಕೆಲವು ಭಾಗಗಳಿಗೆ ಹೋಯಿತು. 2011ರ ತಿದ್ದುಪಡಿಯ ನಂತರ ದೇಶದ ಎಲ್ಲ ಕಡೆ ಹಂತ ಹಂತವಾಗಿ ಡಬ್ಬಿ ಕಡ್ಡಾಯವಾಯಿತು. ತಮಿಳುನಾಡು ಸರಕಾರ 2011ರಲ್ಲಿ ಅರಸು ಕೇಬಲ್‌ಗೆ ಜೀವ ಕೊಟ್ಟು ತಿಂಗಳಿಗೆ 70 ರೂಪಾಯಿಗೆ ಮನೆಗೆ ಟಿ.ವಿ. ಕೊಡಹೊರಟಿತು. ಅದೇ ವರ್ಷ ಅಕ್ಟೋಬರ್ 30ರಂದು ಗ್ರೇಟರ್ ನೋಯ್ಡಾದಲ್ಲಿ ಭಾರತದ ಮೊದಲ ಗ್ರಾಂಡ್ ಪ್ರಿ ನಡೆಯಿತು. ಮೂರು ವರ್ಷ ನಡೆದು 2013ಕ್ಕೆ ನಿಂತೂ ಹೋಯಿತು. 2019ರ ಫೆಬ್ರವರಿಯಲ್ಲಿ ಟ್ರಾಯ್‌ನ ಹೊಸ ದರಪಟ್ಟಿ ಬಂತು, 100 ಚಾನೆಲ್‌ಗೆ 130 ರೂಪಾಯಿ ಮತ್ತು ತೆರಿಗೆ, ಮೇಲಿನದ್ದಕ್ಕೆಲ್ಲ ಬೇರೆ ಬೇರೆ ದರ. 2003ರಲ್ಲಿ ಚೆನ್ನೈಗೆ ಹೇಳಿದ ಪಾಠವನ್ನೇ ಇಡೀ ದೇಶಕ್ಕೆ ಹೇಳಿದ ಹಾಗಾಯಿತು.

2022ರ ಋತು ಮುಗಿದ ಮೇಲೆ ಸ್ಟಾರ್ ಸ್ಪೋರ್ಟ್ಸ್‌ನಲ್ಲಿ ಫಾರ್ಮುಲಾ ಒನ್ ಬರುವುದೇ ನಿಂತಿತು. ಬಹಳ ವರ್ಷಗಳ ನಂಟು. 2023ರಲ್ಲಿ ಕಂಪನಿಯದೇ ಆದ ಎಫ್1 ಟಿ.ವಿ. ಎಂಬ ಅಂತರ್ಜಾಲದ ಚಂದಾ ಸೇವೆ. 2024ರಲ್ಲಿ ಹಕ್ಕು ಫ್ಯಾನ್‌ಕೋಡ್ ಎಂಬ ಆ್ಯಪ್‌ಗೆ ಹೋಯಿತು. ಅಲ್ಲಿ ಇಡೀ ಋತುವಿಗೂ ಪಾಸು ಸಿಗುತ್ತಿತ್ತು, ಒಂದು ರೇಸಿಗೂ ಸಿಗುತ್ತಿತ್ತು. ನ್ಯಾಯವಾಗಿ ಹೇಳಬೇಕು, ಒಂದು ರೇಸಿನ ಪಾಸು ಸಿನಿಮಾ ಟಿಕೇಟಿಗಿಂತ ಅಗ್ಗವಾಗಿತ್ತು. ಚಿತ್ರವೂ ಚೆನ್ನಾಗಿತ್ತು. ಬೆಲೆ ಹೆಚ್ಚಾಯಿತು ಅನ್ನುವುದು ನನ್ನ ತಕರಾರಲ್ಲವೇ ಅಲ್ಲ.

ನನ್ನ ತಕರಾರು ಬೇರೆ. ಕೇಬಲ್ ಕಾಲದಲ್ಲಿ ತಮ್ಮನಿಗೆ ನರೇನ್ ಕಂಡದ್ದು ಆಕಸ್ಮಿಕವಾಗಿ. ಹುಡುಕಿಕೊಂಡು ಹೋದವನಲ್ಲ, ಚಾನೆಲ್ ತಿರುಗಿಸುವಾಗ ಎಡವಿದವನು. ಶೋಲಾವರಂಗೆ ಹೋದ ಹಳ್ಳಿಗನೂ ಹಾಗೆಯೇ ಎಡವಿದವನು, ಪಕ್ಕದ ಹೊಲದಿಂದ ಸದ್ದು ಕೇಳಿ ಬಂದವನು. ಪಾಸು ಕೊಳ್ಳಬೇಕಾದರೆ ಮೊದಲೇ ಬಯಕೆ ಇರಬೇಕು, ಬಯಕೆ ಹುಟ್ಟಬೇಕಾದರೆ ಒಮ್ಮೆಯಾದರೂ ನೋಡಿರಬೇಕು. ಚಂದಾ ಪದ್ಧತಿ ಹಳೇ ಗಿರಾಕಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ. ಹೊಸ ಗಿರಾಕಿ ಹುಟ್ಟುವ ಹಾದಿಯನ್ನು ಮಾತ್ರ ಸದ್ದಿಲ್ಲದೆ ಮುಚ್ಚುತ್ತದೆ. ಬರದೇ ಹೋದ ಗಿರಾಕಿಯನ್ನು ಬರೆದಿಡಲು ಯಾವ ಲೆಡ್ಜರಿನಲ್ಲೂ ಕಾಲಂ ಇಲ್ಲ. ನೆಟ್‌ಫ್ಲಿಕ್ಸ್ ಸರಣಿ ನೋಡಿ ಹೊಸ ಹುಡುಗರು ಬರುತ್ತಾರೆ ಅನ್ನಬಹುದು. ಅದಕ್ಕೂ ಚಂದಾ ಕಟ್ಟಬೇಕಲ್ಲ, ಸ್ವಾಮಿ!

ಅಂದ ಹಾಗೆ, ನಮ್ಮ ದೇಶದಲ್ಲಿ ಇದಕ್ಕೊಂದು ಔಷಧಿ ಆಗಲೇ ಇದೆ. 1995ರಲ್ಲಿ ಸುಪ್ರೀಂ ಕೋರ್ಟು, ಕ್ರಿಕೆಟ್ ಪ್ರಸಾರದ ಮೊಕದ್ದಮೆಯಲ್ಲಿ, ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತು ಅಂತ ಹೇಳಿತು. 2004ರ ಭಾರತ-ಪಾಕಿಸ್ತಾನ ಕ್ರಿಕೆಟ್ ಸರಣಿಯ ಜಗಳದ ನಂತರ 2007ರಲ್ಲಿ ಒಂದು ಕಾಯಿದೆಯೇ ಬಂತು. ರಾಷ್ಟ್ರೀಯ ಮಹತ್ವದ ಪಂದ್ಯವಾದರೆ ಹಕ್ಕು ಕೊಂಡ ಚಾನೆಲ್ ಅದನ್ನು ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಬೇಕು. ಆ ಪಟ್ಟಿಯಲ್ಲಿ ಒಲಿಂಪಿಕ್ಸ್, ಕ್ರಿಕೆಟ್, ಹಾಕಿ, ಟೆನ್ನಿಸ್, ಫುಟ್‌ಬಾಲ್ ಬಂದವು. ಮೋಟಾರು ರೇಸಿಗೆ ಅಲ್ಲಿ ಜಾಗ ಸಿಗಲಿಲ್ಲ. "ಎಷ್ಟು ಮನೆ ಸಾರ್ ನೀವು?" ಅನ್ನುವ ಪ್ರಶ್ನೆಯೇ ಅಲ್ಲೂ ಎದ್ದಿರಬೇಕು.

ಎಲ್ಲ ರೇಸನ್ನೂ ಉಚಿತ ಕೊಡಿ ಅಂತ ಕೇಳುವುದು ದುರಾಸೆ. ಬ್ರಿಟನ್ನಿನಲ್ಲಿ ಸ್ಕೈ ಎಲ್ಲವನ್ನೂ ಕೊಂಡ ಮೇಲೂ, ಸ್ವಂತ ನೆಲದ ಬ್ರಿಟಿಷ್ ಗ್ರಾಂಡ್ ಪ್ರಿ ಮತ್ತು ಉಳಿದ ರೇಸುಗಳ ಮುಖ್ಯಾಂಶ ಚಾನೆಲ್ 4ರಲ್ಲಿ ಎಲ್ಲರಿಗೂ ಸಿಕ್ಕಿತು. 2021ರಲ್ಲಿ ಹ್ಯಾಮಿಲ್ಟನ್ ಮತ್ತು ವರ್ಸ್ಟಾಪೆನ್ ಸಮ ಅಂಕದಲ್ಲಿ ಅಬುಧಾಬಿಗೆ ಬಂದಾಗ, ಸ್ಕೈ ತಾನಾಗಿಯೇ ಆ ಒಂದು ದಿನ ಬಾಗಿಲು ತೆರೆಯಿತು. ವ್ಯಾಪಾರಿಯ ನಷ್ಟವೇನೂ ಆಗಲಿಲ್ಲ. ಅಂಗಡಿಯವನು ಮೈಸೂರುಪಾಕಿನ ಒಂದು ಚೂರು ಕೈಗಿಟ್ಟು ರುಚಿ ತೋರಿಸುವ ಹಾಗೆ.

ನಮಗೂ ಅಷ್ಟು ಸಾಕು. ವರ್ಷಕ್ಕೆ ಒಂದೋ ಎರಡೋ ರೇಸು, ಭಾರತೀಯನೊಬ್ಬ ಓಡುವ ದಿನ, ದೂರದರ್ಶನದಲ್ಲಿ ಬರಲಿ. ಡಿಡಿ ಫ್ರೀ ಡಿಶ್‌ಗೆ ತಿಂಗಳ ಚಂದಾ ಇಲ್ಲ. ಅದು ಅತಿ ಆಸೆಯೇನಲ್ಲ, ಓಡುವವರು ಇದ್ದಾರೆ. 2024ರ ಆಗಸ್ಟ್ ಕೊನೆಗೆ ನಮ್ಮ ಚೆನ್ನೈನ ಐಲೆಂಡ್ ಗ್ರೌಂಡ್ಸ್ ಸುತ್ತ, 3.5 ಕಿ.ಮೀ. ಬೀದಿಯಲ್ಲಿ, ರಾತ್ರಿ ದೀಪದ ಬೆಳಕಿನಲ್ಲಿ ರೇಸು ನಡೆಯಿತು. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಕುಶ್ ಮೈನಿ ಮೊನಾಕೊದಲ್ಲಿ ಫಾರ್ಮುಲಾ 2 ರೇಸು ಗೆದ್ದ. ಅಲ್ಲಿ ಆ ದರ್ಜೆಯಲ್ಲಿ ಗೆದ್ದ ಮೊದಲ ಭಾರತೀಯ, ನಮ್ಮ ಕರ್ನಾಟಕದ ಹುಡುಗ. ಮರುವಾರ ಪೆರಂಬೂರಿನ ಆ ಬೈಕ್ ಶೆಡ್ಡಿಗೆ ಸ್ಕೂಟರ್ ಬಿಡಲು ಹೋದಾಗ, ಕಾರ್ಬೊರೇಟರನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುವ ಹದಿನಾರರ ಹುಡುಗನನ್ನು ಕೇಳಿದೆ. ಅವನಿಗೆ ಆ ಹೆಸರು ಗೊತ್ತಿರಲಿಲ್ಲ. ಫಾರ್ಮುಲಾ ಒನ್ ಅಂದರೆ ಮೊಬೈಲಿನಲ್ಲಿ ಆಡುವ ಆಟ ಅಂದುಕೊಂಡಿದ್ದ. ಅವನ ಮಾಲೀಕರು 2003ರಲ್ಲಿ ಡಬ್ಬಿ ತಂದವರೇ. ಮಗನ ಮೊಬೈಲಿನಲ್ಲಿ ಪಾಸು ಇದೆಯಂತೆ, ಮನೆಯಲ್ಲಿ ಮಗ ನೋಡುತ್ತಾನಂತೆ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು.